ಹಾಸಿಗೆ ಹಿಡಿದವರ ಮನೆಗೆ ಸಭೆಯ ಸೇವಾ ತಂಡ: ಹೇಗೆ ಹೋಗಬೇಕು, ಎಲ್ಲಿ ನಿಲ್ಲಬೇಕು?

ಕೂಟದ ಕಾರ್ಯದರ್ಶಿ, ಉಡುಪಿ ಜಿಲ್ಲೆ

ಎಲ್ಲರಿಗೂ ವಂದನೆಗಳು. ನಮ್ಮದು ಉಡುಪಿ ಜಿಲ್ಲೆಯ ಕಡಲ ಬದಿಯಲ್ಲಿರುವ ಒಂದು ಸಣ್ಣ ಸಿ.ಎಸ್.ಐ. (ದಕ್ಷಿಣ ಭಾರತ ಪ್ರೊಟೆಸ್ಟೆಂಟ್ ಚರ್ಚ್) ಸಭೆ. ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಷನ್ ಕಾಲದಿಂದಲೂ ಇಲ್ಲೇ ನೆಲೆಸಿರುವ ಕುಟುಂಬಗಳೇ ಹೆಚ್ಚು. ನಮ್ಮ ಸ್ತ್ರೀ ಅನ್ಯೋನ್ಯ ಕೂಟದವರೂ ಯುವಜನರೂ ಸೇರಿ, ಊರಿನಲ್ಲಿ ಹಾಸಿಗೆ ಹಿಡಿದಿರುವವರ ಮನೆಗಳಿಗೆ ಹೋಗಿ ಆರೈಕೆಯಲ್ಲಿ ಕೈಜೋಡಿಸುವ ಕೆಲಸವನ್ನು ಈಚೆಗೆ ಆರಂಭಿಸಿದ್ದೇವೆ. ನಾವು ಹೋಗುವ ಮನೆಗಳಲ್ಲಿ ನಮ್ಮ ಸಭೆಯವರದಕ್ಕಿಂತ ಮೊಗವೀರರ, ಬಿಲ್ಲವರ, ಬ್ಯಾರಿಗಳ ಮನೆಗಳೇ ಹೆಚ್ಚಾಗಿವೆ. ಈ ಕರಾವಳಿಯ ಪರಿಸ್ಥಿತಿ ನಿಮಗೆಲ್ಲ ಗೊತ್ತಿರುವುದೇ. ಮಕ್ಕಳು ಮುಂಬಯಿಯಲ್ಲಿ, ಬೆಂಗಳೂರಿನಲ್ಲಿ, ಕೊಲ್ಲಿ ದೇಶಗಳಲ್ಲಿ ಇದ್ದಾರೆ. ಹಣ ತಿಂಗಳಿಗೆ ಸರಿಯಾಗಿ ಬರುತ್ತದೆ. ಆದರೆ ತಂದೆಯನ್ನು ಮಗ್ಗುಲು ಹೊರಳಿಸುವುದಕ್ಕೆ ಮನೆಯಲ್ಲಿ ಇನ್ನೊಂದು ಜೊತೆ ಕೈ ಇಲ್ಲ.

ಒಂದು ಮನೆಯ ವಿಷಯ ಹೇಳುತ್ತೇನೆ. ಪಾರ್ಶ್ವವಾಯುವಿನಿಂದ ಬಲಭಾಗದ ಸ್ವಾಧೀನ ಕಳೆದುಕೊಂಡ ಗಂಡನನ್ನು ಎಪ್ಪತ್ತು ದಾಟಿದ ಹೆಂಡತಿ ಒಬ್ಬರೇ ನೋಡಿಕೊಳ್ಳುತ್ತಾರೆ. ರಾತ್ರಿ ಅವರು ಕೆಳಗೆ ಬೀಳಬಾರದೆಂದು ಮಂಚವನ್ನು ಗೋಡೆಗೆ ಒತ್ತಿ ಇಟ್ಟಿದ್ದರು. ಅದರಿಂದ ಒಂದೇ ಬದಿಯಲ್ಲಿ ನಿಂತು ಎಳೆಯಬೇಕಾಗಿ, ಆ ತಾಯಿಗೆ ಸೊಂಟ ಹಿಡಿದುಹೋಗಿತ್ತು. ನಮ್ಮ ಹುಡುಗರು ಮಂಚವನ್ನು ಗೋಡೆಯಿಂದ ಎರಡು ಅಡಿ ಈಚೆಗೆ ಎಳೆದು, ಆ ಬದಿಗೆ ಬೆಂಚೊಂದನ್ನು ಅಡ್ಡ ಇಟ್ಟು, ಮಡಚಿದ ಹೊದಿಕೆಯನ್ನು ಅವರ ಬೆನ್ನಿನ ಕೆಳಗೆ ಹಾಸಿ, ಇಬ್ಬರು ಎರಡು ಕಡೆಯಿಂದ ಹಿಡಿದು ಮೇಲಕ್ಕೆ ಸರಿಸಿದರು. ಇಷ್ಟೇ ಕೆಲಸ. ಇದಕ್ಕೆ ಹಣ ಬೇಕಾಗಲಿಲ್ಲ, ಆದರೆ ಜನ ಬೇಕಾದರು, ಮತ್ತು ಆ ಜನ ಮರುವಾರವೂ ಬರಬೇಕಾಗಿತ್ತು.

ಈಗ ಸಭೆಯೊಳಗೆ ಚರ್ಚೆ ಎದ್ದಿದೆ. ಇಷ್ಟು ಕಡಿಮೆ ಮನೆಗಳಿಗೆ ಇಷ್ಟು ಶ್ರಮ ಹಾಕುವ ಬದಲು, ಕ್ರಿಸ್ಮಸ್ ಸಮಯದಲ್ಲಿ ನೂರು ಮನೆಗಳಿಗೆ ದಿನಸಿ ಕಿಟ್ ಹಂಚಿದರೆ ಸಭೆಯ ಸೇವೆ ಊರಿಗೆ ತಿಳಿಯುತ್ತದೆ ಎಂದು ಕೆಲವು ಹಿರಿಯರು ಹೇಳುತ್ತಾರೆ. ರೋಗಿಯ ಬಳಿ ಪ್ರಾರ್ಥನೆ ಮಾಡಬೇಕೇ ಬೇಡವೇ ಎಂಬ ಪ್ರಶ್ನೆಯೂ ಇದೆ. ಯಾವ ಮನೆಗೆ ಹೋಗಬೇಕೆಂದು ಯಾರು ತೀರ್ಮಾನಿಸಬೇಕು, ಹಣದ ಲೆಕ್ಕವನ್ನು ಹೇಗೆ ಇಡಬೇಕು ಎಂಬುದೂ ಸ್ಪಷ್ಟವಾಗಿಲ್ಲ. ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ನಿವೃತ್ತ ಶುಶ್ರೂಷಕಿ, ಮಂಗಳೂರು

ಅಕ್ಕನವರೇ, ಮಂಚವನ್ನು ಗೋಡೆಯಿಂದ ಸರಿಸಿದ ಹುಡುಗರಿಗೆ ನನ್ನ ಅಭಿನಂದನೆ ತಿಳಿಸಿ. ಮನೆಯಲ್ಲಿ ನಡೆಯುವ ಆರೈಕೆಯ ಬಹುಪಾಲು ಇಂಥ ಕೆಲಸಗಳೇ. ಹಾಗಿದ್ದರೂ ಸ್ವಯಂಸೇವಕರು ಕೆಲವು ವಿಷಯಗಳನ್ನು ಸರಿಯಾಗಿ ಕಲಿತೇ ಹೋಗಬೇಕು, ಏಕೆಂದರೆ ಒಳ್ಳೆಯ ಮನಸ್ಸಿನಿಂದ ಮಾಡಿದ ತಪ್ಪು ಆರೈಕೆಯೂ ರೋಗಿಯನ್ನು ನೋಯಿಸುತ್ತದೆ.

ಮೊದಲನೆಯದು ಹಾಸಿಗೆ ಹುಣ್ಣು. ತಾವಾಗಿ ಹೊರಳಲಾರದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆಂಬುದು ಆಸ್ಪತ್ರೆಗಳಲ್ಲಿ ನಮಗೆ ಕಲಿಸಿದ ಸಾಮಾನ್ಯ ನಿಯಮ. ನಿಮ್ಮ ತಂಡ ವಾರಕ್ಕೊಮ್ಮೆ ಹೋಗುವುದರಿಂದ ಆ ಕೆಲಸ ನಿಮ್ಮಿಂದ ಆಗುವುದಿಲ್ಲ. ಮನೆಯವರಿಗೆ ಅದನ್ನು ಸುಲಭ ಮಾಡಿಕೊಡುವುದಷ್ಟೇ ನಿಮ್ಮ ಕೆಲಸ. ಹೋದಾಗಲೆಲ್ಲ ಬೆನ್ನಿನ ಕೆಳಭಾಗ, ಸೊಂಟದ ಎರಡೂ ಬದಿ, ಹಿಮ್ಮಡಿ, ಮೊಣಕೈ ಮತ್ತು ತಲೆಯ ಹಿಂಭಾಗವನ್ನು ಬೆಳಕಿನಲ್ಲಿ ನೋಡಬೇಕು. ಚರ್ಮ ಕೆಂಪಾಗಿ ಅಥವಾ ಕಪ್ಪಾಗಿ, ಬೆರಳಿನಿಂದ ಒತ್ತಿ ಬಿಟ್ಟರೂ ಬಣ್ಣ ಬದಲಾಗದಿದ್ದರೆ, ಹುಣ್ಣು ಆಗಲೇ ಆರಂಭವಾಗಿದೆ ಎಂದು ತಿಳಿಯಬೇಕು. ಅಂಥ ಜಾಗವನ್ನು ಎಣ್ಣೆ ಹಚ್ಚಿ ತಿಕ್ಕುವ ಅಭ್ಯಾಸ ನಮ್ಮ ಮನೆಗಳಲ್ಲಿದೆ. ಅದನ್ನು ಮಾಡಲೇಬಾರದು, ಒಳಗಿನ ಮಾಂಸಕ್ಕೆ ಇನ್ನಷ್ಟು ಪೆಟ್ಟಾಗುತ್ತದೆ. ನಡುವೆ ತೂತಿರುವ ರಿಂಗ್ ದಿಂಬೂ ಬೇಡ. ಕಾಲಿನ ಮೀನಖಂಡದ ಕೆಳಗೆ ದಿಂಬು ಇಟ್ಟು ಹಿಮ್ಮಡಿಯನ್ನು ಹಾಸಿಗೆಗೆ ತಾಗದಂತೆ ಎತ್ತಿ ಇಡುವುದು ಒಳ್ಳೆಯದು.

ಎರಡನೆಯದು ಊಟ. ಮಲಗಿದವರ ಬಾಯಿಗೆ ಗಂಜಿ ಹಾಕುವುದನ್ನು ನಾನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ಪಾರ್ಶ್ವವಾಯು ಆದವರಿಗೆ ನುಂಗುವ ಶಕ್ತಿ ಕಡಿಮೆಯಾಗಿರುತ್ತದೆ, ಆಹಾರ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಬೆನ್ನಿಗೆ ಆಸರೆ ಕೊಟ್ಟು ಕೂರಿಸಿ, ಸಣ್ಣ ಚಮಚದಲ್ಲಿ, ಒಂದು ತುತ್ತು ಇಳಿದ ಮೇಲೆ ಇನ್ನೊಂದು ಕೊಡಬೇಕು. ಊಟದ ನಂತರವೂ ಅರ್ಧ ಗಂಟೆ ಹಾಗೆಯೇ ಕೂರಿಸಬೇಕು. ನೀರು ಕುಡಿಸುವಾಗ ಕೆಮ್ಮು ಬಂದರೆ ನಿಲ್ಲಿಸಿ ವೈದ್ಯರಿಗೆ ತಿಳಿಸಬೇಕು. ಮೂತ್ರದ ಚೀಲ ಇರುವವರನ್ನು ಹೊರಳಿಸುವಾಗ ಚೀಲವನ್ನು ಹೊಟ್ಟೆಯ ಮೇಲೆ ಇಡಬೇಡಿ, ಅದು ಯಾವಾಗಲೂ ಮೂತ್ರಕೋಶಕ್ಕಿಂತ ಕೆಳಗಿರಬೇಕು.

ಗಾಯಕ್ಕೆ ಡ್ರೆಸ್ಸಿಂಗ್, ಕ್ಯಾಥೆಟರ್ (ಮೂತ್ರದ ನಳಿಗೆ) ಬದಲಿಸುವುದು, ಇಂಜೆಕ್ಷನ್, ಮಾತ್ರೆಯ ಪ್ರಮಾಣ ಹೆಚ್ಚು ಕಡಿಮೆ ಮಾಡುವುದು, ಇವು ಯಾವುವೂ ಸ್ವಯಂಸೇವಕರ ಕೆಲಸವಲ್ಲ. ಅಲ್ಲಿ ನಿಮ್ಮ ತಂಡ ನಿಲ್ಲಬೇಕು, ತರಬೇತಿ ಪಡೆದ ನರ್ಸ್ ಬರಬೇಕು. ಉಡುಪಿಯಲ್ಲಿ ನಮ್ಮವರದೇ ಲೊಂಬಾರ್ಡ್ ಸ್ಮಾರಕ ಆಸ್ಪತ್ರೆ 1923ರಿಂದ ಇದೆ. ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಲ್ಲಿ ಪ್ಯಾಲಿಯೇಟಿವ್ ಕೇರ್‌ಗೆ, ಅಂದರೆ ವಾಸಿಯಾಗದ ಕಾಯಿಲೆಯವರ ನೋವು ಶಮನದ ಆರೈಕೆಗೆ, ಪ್ರತ್ಯೇಕ ವಿಭಾಗವೇ ಇದೆ. ಆರಂಭದಲ್ಲೇ ಅಂಥ ಕಡೆ ಹೋಗಿ ನಿಮ್ಮ ಕೆಲಸವನ್ನು ವಿವರಿಸಿ, ತರಬೇತಿ ಕೇಳಿ. ಕ್ಯಾನ್ಸರ್ ರೋಗಿಗಳ ತೀವ್ರ ನೋವಿಗೆ ಮಾರ್ಫಿನ್ ಮಾತ್ರೆ ಬೇಕಾಗಬಹುದು. ಮಾದಕ ವಸ್ತುಗಳ ಕಾನೂನಿಗೆ 2014ರಲ್ಲಿ ತಿದ್ದುಪಡಿಯಾದ ನಂತರ ಮಾನ್ಯತೆ ಪಡೆದ ಸಂಸ್ಥೆಗಳ ಮೂಲಕ ಅದು ಮೊದಲಿಗಿಂತ ಸುಲಭವಾಗಿ ಸಿಗುತ್ತದೆ. ಎಲ್ಲಿ ಸಿಗುತ್ತದೆಂದು ಮನೆಯವರಿಗೆ ದಾರಿ ತೋರಿಸಿದರೂ ಅದು ದೊಡ್ಡ ಉಪಕಾರ.

ವಿನ್ಸೆಂಟ್ ದೆ ಪಾವ್ಲ್ ಸಭೆಯ ಸದಸ್ಯ, ಶಿರ್ವ ಬದಿ

ನಾನು ಕಥೋಲಿಕ. ನಮ್ಮ ಚರ್ಚುಗಳಲ್ಲಿ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆ ಇದೇ ಬಗೆಯ ಮನೆಭೇಟಿ ಮಾಡುತ್ತದೆ. 1833ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಡೆರಿಕ್ ಒಝಾನಾಮ್ ಎಂಬ ವಿದ್ಯಾರ್ಥಿಯೂ ಅವನ ಸಂಗಡಿಗರೂ ಇದನ್ನು ಆರಂಭಿಸಿದರು. ಅಂದಿನಿಂದ ಬಂದಿರುವ ಎರಡು ಪದ್ಧತಿಗಳು ನಿಮಗೆ ಉಪಯೋಗವಾಗಬಹುದು. ಭೇಟಿಗೆ ಯಾವಾಗಲೂ ಇಬ್ಬರು ಹೋಗುತ್ತಾರೆ, ಒಬ್ಬರೇ ಹೋಗುವುದಿಲ್ಲ. ಕೂಟದ ಕೊನೆಯಲ್ಲಿ ಒಂದು ಚೀಲ ತಿರುಗುತ್ತದೆ. ಯಾರು ಎಷ್ಟು ಹಾಕಿದರೆಂದು ಯಾರಿಗೂ ಕಾಣುವುದಿಲ್ಲ. ಹೆಚ್ಚು ಕೊಟ್ಟವರ ಮಾತು ಹೆಚ್ಚು ನಡೆಯುವ ಪರಿಸ್ಥಿತಿ ಇದರಿಂದ ತಪ್ಪುತ್ತದೆ. ಯಾವ ಮನೆಯ ಕಷ್ಟ ಏನೆಂಬುದು ಕೂಟದ ಹೊರಗೆ ಹೋಗಬಾರದೆಂಬ ಕಟ್ಟುನಿಟ್ಟೂ ಇದೆ. ಸಣ್ಣ ಊರಿನಲ್ಲಿ ಇದು ಬಹಳ ಮುಖ್ಯ.

ಒಬ್ಬ ವಿಶ್ವಾಸಿ, ಶಿವಮೊಗ್ಗ

ಕ್ಷಮಿಸಿ, ನನಗೆ ಬೇರೆ ಅಭಿಪ್ರಾಯವಿದೆ, ಅದನ್ನು ಪ್ರೀತಿಯಿಂದಲೇ ಹೇಳುತ್ತೇನೆ. ಹಾಸಿಗೆ ಹುಣ್ಣು ತಡೆಯುವುದು, ಊಟ ಮಾಡಿಸುವುದು ಇವೆಲ್ಲ ಒಳ್ಳೆಯವೇ, ಆದರೆ ಇದನ್ನು ಯಾವ ಸೇವಾ ಸಂಸ್ಥೆಯೂ ಮಾಡಬಹುದು. ಸಭೆಗೆ ಕೊಡಲಾಗಿರುವ ಜವಾಬ್ದಾರಿ ಸುವಾರ್ತೆಯದು. ಸಾಯುವ ಹಂತದಲ್ಲಿರುವ ಮನುಷ್ಯನ ಬಳಿಗೆ ವಾರ ವಾರ ಹೋಗಿ, ನಮಗೆ ಅತ್ಯಂತ ಅಮೂಲ್ಯವೆಂದು ನಾವು ನಂಬಿರುವುದನ್ನೇ ಅವರಿಗೆ ಹೇಳದೆ ಬಂದರೆ, ಅದು ಪ್ರೀತಿಯೇ? ಪ್ರಾರ್ಥನೆಯನ್ನು ಬಾಗಿಲ ಹೊರಗೆ ಬಿಟ್ಟು ಒಳಗೆ ಹೋಗಬೇಕೆಂದರೆ ನನ್ನ ಮನಸ್ಸು ಒಪ್ಪುವುದಿಲ್ಲ. ನನ್ನ ಸ್ವಂತ ತಂದೆ ಕಾಯಿಲೆಯಲ್ಲಿದ್ದಾಗ ಅವರಿಗೆ ಧೈರ್ಯ ಕೊಟ್ಟದ್ದು ಔಷಧಕ್ಕಿಂತ ಹೆಚ್ಚಾಗಿ, ಹಾಸಿಗೆಯ ಪಕ್ಕ ಕೂತು ಹಾಡಿದ ಕೀರ್ತನೆಗಳು.

ಸಭಾಪಾಲಕ, ಧಾರವಾಡದ ಕಡೆ

ಸಹೋದರರೇ, ನಿಮ್ಮ ಮಾತಿನ ಹಿಂದಿರುವ ಕಳಕಳಿಯನ್ನು ನಾನು ಗೌರವಿಸುತ್ತೇನೆ. ನಿಮ್ಮ ತಂದೆಯವರ ಬಳಿ ಕೀರ್ತನೆ ಹಾಡಿದ್ದು ಸರಿಯಾದದ್ದೇ, ಏಕೆಂದರೆ ಅವು ಅವರದೇ ಕೀರ್ತನೆಗಳಾಗಿದ್ದವು. ಪಕ್ಕದ ಬೀದಿಯ ಮೊಗವೀರ ಅಜ್ಜನಿಗೆ ಹಾಸಿಗೆಯ ಬಳಿ ತನ್ನ ಮನೆಯ ಭಜನೆಯೇ ಕೇಳಬೇಕೆನಿಸಬಹುದು. ಅವರು ಎದ್ದು ಹೋಗಲಾರರು, ಬೇಡವೆನ್ನಲು ಸಂಕೋಚಪಡುತ್ತಾರೆ, ಮರುವಾರ ನಾವು ಬರದಿದ್ದರೆ ಹೆಂಡತಿಗೆ ಕಷ್ಟವೆಂಬ ಯೋಚನೆಯೂ ಅವರಿಗಿರುತ್ತದೆ. ಅಂಥವರ ಮುಂದೆ ನಾವು ಇಡುವ ಯಾವ ಮಾತೂ ಪೂರ್ಣ ಸ್ವತಂತ್ರವಾದ ಮಾತಾಗಲಾರದು. ಆದ್ದರಿಂದ ಅವರಾಗಿ ಕೇಳಿದರೆ ಮಾತ್ರ ಪ್ರಾರ್ಥನೆ. ಕೇಳಿದಾಗಲೂ ಚಿಕ್ಕದಾಗಿ, ಮನೆಯವರು ಎದುರಿಗಿರುವಾಗ. ಇದು ನಂಬಿಕೆಯನ್ನು ಅಡಗಿಸುವುದಲ್ಲ. ಯಾರು ನೀವೆಂದು ಕೇಳಿದರೆ ಇಂಥ ಸಭೆಯವರೆಂದು ಸ್ಪಷ್ಟವಾಗಿ ಹೇಳಿ.

ಲೂಕನ ಸುವಾರ್ತೆಯ 10ನೇ ಅಧ್ಯಾಯದಲ್ಲಿರುವ ಸಮಾರ್ಯದವನ ಸಾಮ್ಯವನ್ನು ಪ್ರಸಂಗಗಳಲ್ಲಿ ನಾವು ಸಾಮಾನ್ಯವಾಗಿ ಗಾಯಕ್ಕೆ ಎಣ್ಣೆ ಹೊಯ್ದು ಕಟ್ಟಿದ ಘಟ್ಟದಲ್ಲಿ ನಿಲ್ಲಿಸಿಬಿಡುತ್ತೇವೆ. ಅದರ ಮುಂದೆ ನಡೆಯುವುದೇ ಈ ಚರ್ಚೆಗೆ ಬೇಕಾದದ್ದು. ಆತನು ಛತ್ರದವನಿಗೆ ಎರಡು ಹಣ ಕೊಡುತ್ತಾನೆ, ಹೆಚ್ಚು ಖರ್ಚಾದರೆ ತಾನು ಹಿಂದಿರುಗಿ ಬರುವಾಗ ತೀರಿಸುವೆನೆಂದು ಒಪ್ಪಿಕೊಳ್ಳುತ್ತಾನೆ. ಮತ್ತೆ ಬರುವ ಜವಾಬ್ದಾರಿಯನ್ನು ಹೊತ್ತುಕೊಳ್ಳುತ್ತಾನೆ, ಉಳಿದ ಆರೈಕೆಯನ್ನು ಇನ್ನೊಬ್ಬನ ಕೈಗೆ ಒಪ್ಪಿಸುತ್ತಾನೆ. ಗಾಯಗೊಂಡವನಿಗೆ ಆತನು ಏನನ್ನಾದರೂ ಬೋಧಿಸಿದನೆಂದು ಅಲ್ಲಿ ಬರೆದಿಲ್ಲ. ನೂರು ಮನೆಗೆ ಕಿಟ್ ಕೊಡುವುದೋ, ಕೆಲವೇ ಮನೆಗಳಿಗೆ ಮತ್ತೆ ಮತ್ತೆ ಹೋಗುವುದೋ ಎಂಬ ಪ್ರಶ್ನೆಗೆ ನನ್ನ ಉತ್ತರ ಇದೇ ಸಾಮ್ಯದಲ್ಲಿದೆ. ಕಿಟ್ ಬೇಕಾದವರಿಗೆ ಕಿಟ್ ಕೊಡಲಿ, ಆದರೆ ಅದಕ್ಕಾಗಿ ಮರುಭೇಟಿಯನ್ನು ನಿಲ್ಲಿಸಬಾರದು.

ಮನೆಗಳ ಆಯ್ಕೆಯ ಬಗ್ಗೆ ಕೇಳಿದ್ದೀರಿ. ಅಪೊಸ್ತಲರ ಕೃತ್ಯಗಳ 6ನೇ ಅಧ್ಯಾಯದಲ್ಲಿ ಏಳು ಮಂದಿಯನ್ನು ಆರಿಸಿದ್ದೇ ಒಂದು ದೂರಿನ ಕಾರಣದಿಂದ: ಗ್ರೀಕ್ ಮಾತಾಡುವ ವಿಧವೆಯರು ದಿನದಿನದ ಉಪಚಾರದಲ್ಲಿ ಬಿಟ್ಟುಹೋಗಿದ್ದರು. ಪಟ್ಟಿ ಮಾಡುವವರ ಪರಿಚಯದವರೇ ಪಟ್ಟಿಯಲ್ಲಿ ತುಂಬಿಕೊಳ್ಳುವುದು ಅಂದಿನಿಂದ ಇಂದಿನವರೆಗೂ ಇರುವ ದೋಷ. ನಿಮ್ಮ ವಾರ್ಡಿನ ಆಶಾ ಕಾರ್ಯಕರ್ತೆಗೆ ಯಾರು ಹಾಸಿಗೆ ಹಿಡಿದಿದ್ದಾರೆಂದು ನಿಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ಮನೆಯವರ ಒಪ್ಪಿಗೆ ಪಡೆದು ಅವರೇ ಮನೆಗಳನ್ನು ಸೂಚಿಸಲಿ. ನೀವು ಅದಕ್ಕೆ ಸಭೆಯ ಹೆಸರುಗಳನ್ನು ಸೇರಿಸಿ, ತೆಗೆಯಬೇಡಿ.

ಮಲ್ಪೆಯ ಓದುಗ

ನಾನು ನಿಮ್ಮ ಸಭೆಯವನಲ್ಲ, ಕ್ರೈಸ್ತನೂ ಅಲ್ಲ. ಆದರೆ ಇಂಥ ತಂಡವೊಂದು ನನ್ನ ಅಮ್ಮ ತೀರಿಕೊಳ್ಳುವ ತನಕ ನಮ್ಮ ಮನೆಗೆ ಬರುತ್ತಿತ್ತು, ಅದಕ್ಕಾಗಿ ಬರೆಯುತ್ತಿದ್ದೇನೆ. ನಾನು ಬೋಟಿಗೆ ಹೋದರೆ ಹತ್ತು ಹನ್ನೆರಡು ದಿನ ಕಡಲಿನಲ್ಲೇ ಇರುವವನು. ಮನೆಯಲ್ಲಿ ಹೆಂಡತಿಯೂ ಶಾಲೆಗೆ ಹೋಗುವ ಮಗಳೂ ಮಾತ್ರ. ಬರುತ್ತಿದ್ದವರಲ್ಲಿ ವಯಸ್ಸಾದ ಒಬ್ಬ ಬಾಯಮ್ಮ ಅಮ್ಮನ ತಲೆಗೆ ಎಣ್ಣೆ ಹಾಕಿ, ಬಾಚಿ, ಸಣ್ಣ ಜಡೆ ಹೆಣೆಯುತ್ತಿದ್ದರು. ಅಮ್ಮನಿಗೆ ಆ ಹೊತ್ತಿಗೆ ಮಾತು ಬಹುತೇಕ ನಿಂತಿತ್ತು, ಆದರೆ ಅವರು ಬಂದ ದಿನ ತಲೆಯನ್ನು ತಾವಾಗಿಯೇ ಆ ಕಡೆ ತಿರುಗಿಸುತ್ತಿದ್ದರು.

ಮೊದಲ ಸಲ ಅವರು ಬಂದಾಗ ನಮ್ಮ ಓಣಿಯಲ್ಲಿ ಮಾತು ಬಂತು, ಇವರು ಏಕೆ ಬರುತ್ತಾರೆ ಎಂದು. ನನಗೂ ಅನುಮಾನವಿತ್ತು, ಸುಳ್ಳು ಹೇಳುವುದಿಲ್ಲ. ಆ ಅನುಮಾನ ಹೋದದ್ದು ಯಾರ ವಿವರಣೆಯಿಂದಲೂ ಅಲ್ಲ. ಅವರು ನಮ್ಮ ಭಜನಾ ಮಂದಿರದ ಅಧ್ಯಕ್ಷರ ಬಳಿಗೆ ತಾವಾಗಿಯೇ ಹೋಗಿ, ನಿಮ್ಮ ಕಡೆಯಿಂದಲೂ ಇಬ್ಬರು ಹೆಂಗಸರು ನಮ್ಮ ಜೊತೆ ಬರಲಿ, ಆರೈಕೆ ಕಲಿಯಲಿ ಎಂದು ಕೇಳಿಕೊಂಡರು. ಇಬ್ಬರು ಹೋದರು. ಈಗ ಅವರು ತಾವೇ ಓಣಿಯಲ್ಲಿ ಅಂಥ ಮನೆಗಳನ್ನು ನೋಡಿಕೊಳ್ಳುತ್ತಾರೆ. ನೀವೂ ಮಂದಿರಕ್ಕೂ ಮಸೀದಿಗೂ ಹೋಗಿ ಮಾತಾಡಿ. ಮತ್ತೊಂದು ಕೋರಿಕೆ: ರೋಗಿಯ ಫೋಟೋ ತೆಗೆಯಬೇಡಿ. ಬೇರೆ ಯಾವುದೋ ಕಡೆಯವರು ಸಹಾಯ ಕೊಟ್ಟು, ನನ್ನ ಅಮ್ಮ ಮಲಗಿದ್ದಾಗಿನ ಚಿತ್ರವನ್ನು ವಾಟ್ಸ್‌ಆ್ಯಪ್‌ನಲ್ಲಿ ಹಾಕಿದ್ದರು. ಅವರು ಕೊಟ್ಟ ಅಕ್ಕಿ ಮುಗಿದುಹೋಯಿತು, ಚಿತ್ರ ಈಗಲೂ ಯಾರದೋ ಫೋನಿನಲ್ಲಿ ಇದೆ.

ದುಬೈ ಕನ್ನಡ ಸಭೆಯ ಸದಸ್ಯ

ನಮ್ಮ ಊರಿನ ಸಭೆ ಇಂಥ ಕೆಲಸ ಮಾಡುವುದಾದರೆ ಇಲ್ಲಿಂದ ನಾವು ಕೆಲವರು ಪ್ರತಿ ತಿಂಗಳು ಹಣ ಕಳುಹಿಸಲು ಸಿದ್ಧರಿದ್ದೇವೆ. ಆದರೆ ವಿದೇಶದಿಂದ ಸಭೆಗೆ ಹಣ ಬಂದರೆ ಕಾನೂನಿನ ತೊಂದರೆ ಆಗುತ್ತದೆಂದು ಕೇಳಿದ್ದೇನೆ. ತಿಳಿದವರು ಹೇಳುವಿರಾ?

ಲೆಕ್ಕಪರಿಶೋಧಕ, ಬೆಂಗಳೂರು

ಮೇಲಿನ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ನಿಮ್ಮಲ್ಲಿ ಭಾರತೀಯ ಪಾಸ್‌ಪೋರ್ಟ್ ಇದ್ದು, ನಿಮ್ಮ ಸ್ವಂತ ಉಳಿತಾಯದ ಹಣವನ್ನು ಬ್ಯಾಂಕ್ ಮೂಲಕ ಕಳುಹಿಸಿದರೆ ಅದು ವಿದೇಶಿ ದೇಣಿಗೆ ಎನಿಸುವುದಿಲ್ಲ. ಆದರೆ ನಿಮ್ಮ ಗುಂಪಿನಲ್ಲಿ ಯಾರಾದರೂ ಬೇರೆ ದೇಶದ ಪೌರತ್ವ ಪಡೆದಿದ್ದರೆ, ಅವರು ನಮ್ಮ ಊರಿನವರೇ ಆಗಿದ್ದರೂ, ಒ.ಸಿ.ಐ. (ಸಾಗರೋತ್ತರ ಭಾರತೀಯರ) ಕಾರ್ಡ್ ಇದ್ದರೂ, ಅವರ ಹಣ ವಿದೇಶಿ ದೇಣಿಗೆಯೇ. ಅಲ್ಲಿಯ ಸಭೆಯ ಹೆಸರಿನಲ್ಲಿ ಒಟ್ಟುಮಾಡಿ ಕಳುಹಿಸಿದರೂ ಹಾಗೆಯೇ. ಅದನ್ನು ಪಡೆಯಲು ಎಫ್.ಸಿ.ಆರ್.ಎ. (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಬೇಕು, 2020ರ ತಿದ್ದುಪಡಿಯ ನಂತರ ಹಣ ನವದೆಹಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯ ನಿಗದಿತ ಖಾತೆಗೇ ಬರಬೇಕು, ಮತ್ತು ಹಾಗೆ ಬಂದದ್ದನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ. ಸಣ್ಣ ಸಭೆಯ ಸೇವಾ ತಂಡಕ್ಕೆ ಇದರ ಅಗತ್ಯವೇ ಇಲ್ಲ. ಪ್ರತಿಯೊಬ್ಬರೂ ತಮ್ಮ ಖಾತೆಯಿಂದ ಪ್ರತ್ಯೇಕವಾಗಿ ಕಳುಹಿಸಿ, ಪಾಸ್‌ಪೋರ್ಟಿನ ಪ್ರತಿಯನ್ನು ಕೊಡಿ. ಸಭೆಯ ಖಜಾಂಚಿ ಅದನ್ನು ಕಡತದಲ್ಲಿ ಇಟ್ಟುಕೊಳ್ಳಲಿ.

ಸೇವಾ ನಿಧಿಗೆ ಸಭೆಯ ಸಾಮಾನ್ಯ ಲೆಕ್ಕದಿಂದ ಬೇರೆಯಾದ ಪುಸ್ತಕ ಇರಬೇಕು. ಸುಗ್ಗಿ ಹಬ್ಬದ ಏಲಂನಲ್ಲಿ ಬಂದ ಹಣದ ಒಂದು ಭಾಗವನ್ನು ಇದಕ್ಕೆ ಮೀಸಲಿಡುವುದಾದರೆ, ಏಲಂಗೆ ಮುಂಚೆಯೇ ಸಭೆಯಲ್ಲಿ ಅದನ್ನು ಪ್ರಕಟಿಸಿ. ದಾನಿಗಳಿಗೆ ಆದಾಯ ತೆರಿಗೆ ವಿನಾಯಿತಿ ಕೊಡಿಸುವ 80ಜಿ ಮಾನ್ಯತೆ ಇರುವ ಟ್ರಸ್ಟಿನ ಮೂಲಕ ನಡೆಸುವುದಾದರೂ 2,000 ರೂಪಾಯಿಗಿಂತ ಹೆಚ್ಚಿನ ನಗದು ದೇಣಿಗೆಗೆ ತೆರಿಗೆ ವಿನಾಯಿತಿ ಸಿಗುವುದಿಲ್ಲವೆಂದು ದಾನಿಗಳಿಗೆ ತಿಳಿಸಬೇಕು.

ಸಭಾಪಾಲಕರು ಪ್ರಾರ್ಥನೆಯ ಬಗ್ಗೆ ನೈತಿಕ ಕಾರಣ ಹೇಳಿದರು, ಅದೇ ಮುಖ್ಯವಾದದ್ದು. ಕಾನೂನಿನ ಮಾತನ್ನೂ ತಂಡ ತಿಳಿದಿರಬೇಕು. 2022ರ ಕರ್ನಾಟಕ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆಯಲ್ಲಿ ಆಮಿಷವೆಂಬುದರ ವ್ಯಾಖ್ಯೆ ಬಹಳ ವಿಶಾಲವಾಗಿದ್ದು, ಉಡುಗೊರೆ, ಹಣ, ವಸ್ತುರೂಪದ ಲಾಭ ಎಲ್ಲವೂ ಅದರೊಳಗೆ ಬರುತ್ತವೆ. ಅದನ್ನು ರದ್ದುಪಡಿಸುವುದಾಗಿ 2023ರ ಜೂನ್‌ನಲ್ಲಿ ಸಚಿವ ಸಂಪುಟ ತೀರ್ಮಾನಿಸಿತ್ತು. ಕಾಯ್ದೆಯ ಗತಿ ಏನೇ ಆಗಲಿ, ದಿನಸಿ ಕಿಟ್ಟಿನೊಳಗೆ ಸುವಾರ್ತೆಯ ಕರಪತ್ರ ಇಡುವ ಅಭ್ಯಾಸವನ್ನು ಬಿಡಬೇಕೆಂದು ನಾನು ಖಚಿತವಾಗಿ ಹೇಳುತ್ತೇನೆ. ಸಂಶಯಕ್ಕೆ ಎಡೆಕೊಡುವ ಒಂದು ಕಾಗದದಿಂದ, ನಿಮ್ಮ ಹುಡುಗಿಯರು ಪೊಲೀಸ್ ಠಾಣೆಯ ಬೆಂಚಿನ ಮೇಲೆ ಕೂರುವಂತಾಗಬಾರದು.

ಇನ್ನೊಂದು ಎಚ್ಚರಿಕೆ. ಒಂಟಿಯಾಗಿರುವ ಹಿರಿಯರು ಸ್ವಯಂಸೇವಕರನ್ನು ಬೇಗ ನಂಬುತ್ತಾರೆ, ಎ.ಟಿ.ಎಂ. ಕಾರ್ಡ್ ಕೈಗಿಟ್ಟು, ಸಂಖ್ಯೆಯನ್ನೂ ಹೇಳಿ, ಪಿಂಚಣಿ ತೆಗೆದುಕೊಂಡು ಬಾ ಮಗಾ ಎನ್ನುತ್ತಾರೆ. ತೆಗೆದುಕೊಳ್ಳಬಾರದು. ಮನೆಯ ಬೀಗದ ಕೈ, ಚಿನ್ನ, ಆಸ್ತಿ ಪತ್ರ ಯಾವುದನ್ನೂ ಇಟ್ಟುಕೊಳ್ಳಬಾರದು, ಉಯಿಲಿಗೆ ಸಾಕ್ಷಿ ಹಾಕಬಾರದು. ಬ್ಯಾಂಕಿನ ಕೆಲಸವಿದ್ದರೆ ಸಂಬಂಧಿಕರಿಗೋ ಬ್ಯಾಂಕ್ ಮಿತ್ರರಿಗೋ ತಿಳಿಸಿ, ಅವರೇ ಮನೆಗೆ ಬರುವಂತೆ ಮಾಡಿ. ರಾಜ್ಯ ಸರ್ಕಾರ ಹಿರಿಯರಿಗೆ ಪಿಂಚಣಿ ಕೊಡುವ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ ತಿಂಗಳಿಗೆ ಬರುವ 1,200 ರೂಪಾಯಿ, ಆಧಾರ್ ಜೋಡಣೆಯ ತೊಂದರೆಯಿಂದ ನಿಂತುಹೋಗಿರುವ ಮನೆಗಳು ನಿಮಗೆ ಸಿಗಬಹುದು. ನಾಡಕಚೇರಿಗೆ ಅರ್ಜಿ ಬರೆದುಕೊಡುವುದು, ಗ್ರಾಮ ಒನ್ ಕೇಂದ್ರದಲ್ಲಿ ವಿಚಾರಿಸಿ ಬರುವುದು, ಇಂಥ ಓಡಾಟಕ್ಕೆ ನಿಮ್ಮ ಯುವಜನರು ಬಹಳ ಉಪಯೋಗವಾಗುತ್ತಾರೆ. ನನ್ನ ದೃಷ್ಟಿಯಲ್ಲಿ ಅದು ಒಂದು ಕಿಟ್ಟಿಗಿಂತ ಹೆಚ್ಚು ಬೆಲೆಯ ಸೇವೆ.

ಒಬ್ಬ ವಿಶ್ವಾಸಿ, ಶಿವಮೊಗ್ಗ

ಸಭಾಪಾಲಕರ ಉತ್ತರವನ್ನೂ ಮಲ್ಪೆಯ ಸಹೋದರರ ಮಾತನ್ನೂ ಓದಿದೆ. ಎದ್ದು ಹೋಗಲಾರದವರ ಮುಂದೆ ಹೇಳುವ ಮಾತು ಸ್ವತಂತ್ರವಲ್ಲವೆಂಬುದು ನನಗೆ ಒಪ್ಪಿಗೆಯಾಯಿತು. ಆದರೂ ಒಂದು ಕೋರಿಕೆಯನ್ನು ಬಿಡುವುದಿಲ್ಲ: ತಂಡದವರು ಹೊರಡುವ ಮುಂಚೆ ಚರ್ಚಿನಲ್ಲಿ ಸೇರಿ ಆ ಮನೆಯವರಿಗಾಗಿ ಪ್ರಾರ್ಥಿಸಲಿ. ಅಲ್ಲಿ ಯಾರಿಗೂ ಒತ್ತಡವಿಲ್ಲ, ಮತ್ತು ಈ ಕೆಲಸ ಯಾವ ಬುಗ್ಗೆಯಿಂದ ಹರಿದು ಬರುತ್ತಿದೆ ಎಂಬುದು ಮಕ್ಕಳಿಗೂ ತಿಳಿದಿರುತ್ತದೆ.

ಕೂಟದ ಕಾರ್ಯದರ್ಶಿ, ಉಡುಪಿ ಜಿಲ್ಲೆ

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ನಿಮ್ಮ ಮಾತುಗಳನ್ನು ಬರೆದುಕೊಂಡು ನಮ್ಮ ಸಭಾಪಾಲಕರಿಗೂ ಸಮಿತಿಯವರಿಗೂ ತೋರಿಸಿದೆ. ಹೊರಡುವ ಮುಂಚೆ ಚರ್ಚಿನಲ್ಲಿ ಪ್ರಾರ್ಥನೆ, ಮನೆಯಲ್ಲಿ ಕೇಳಿದರೆ ಮಾತ್ರ ಎಂಬುದಕ್ಕೆ ಎಲ್ಲರೂ ಒಪ್ಪಿದ್ದಾರೆ. ಭೇಟಿಗೆ ಇಬ್ಬರು, ಹೆಂಗಸು ರೋಗಿಯಾದರೆ ಒಬ್ಬರಾದರೂ ಹೆಂಗಸು, ಹದಿನೆಂಟು ತುಂಬದ ಮಕ್ಕಳನ್ನು ಹಿರಿಯರಿಲ್ಲದೆ ಕಳುಹಿಸಬಾರದು, ಇವೂ ತೀರ್ಮಾನವಾಗಿವೆ. ಬ್ಯಾನರು ಮತ್ತು ಫೋಟೋ ಬೇಡವೆಂಬ ಮಾತು ಬಂದಾಗ ಒಬ್ಬ ಹಿರಿಯರು, ದಾನಿಗಳಿಗೆ ಏನು ತೋರಿಸುವುದು ಎಂದು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಹೆಸರಿಲ್ಲದೆ, ಎಷ್ಟು ಮನೆಗಳಿಗೆ ಹೋದೆವು, ಯಾವ ಸಾಮಾನಿಗೆ ಎಷ್ಟು ಖರ್ಚಾಯಿತು ಎಂಬ ಒಂದು ಪುಟದ ವರದಿಯನ್ನು ಮೂರು ತಿಂಗಳಿಗೊಮ್ಮೆ ಆರಾಧನೆಯ ನಂತರ ಓದುವುದೆಂದು ಉತ್ತರಿಸಿದೆವು, ಅವರು ಒಪ್ಪಿದರು. ಕ್ರಿಸ್ಮಸ್ ಕಿಟ್ಟಿನ ಯೋಜನೆಯೂ ಉಳಿದಿದೆ, ಆದರೆ ಅದಕ್ಕೆ ಬೇರೆ ತಂಡ, ಬೇರೆ ಹಣ, ಕರಪತ್ರವಿಲ್ಲ.

ಆಶಾ ಕಾರ್ಯಕರ್ತೆಯವರು ಬಹಳ ಸಂತೋಷದಿಂದ ಮನೆಗಳನ್ನು ತೋರಿಸಿದರು. ಅವರು ತೋರಿಸಿದ ಮನೆಗಳಲ್ಲಿ ಎರಡು, ನಮ್ಮ ಚರ್ಚಿನ ಗೇಟಿನಿಂದ ಕಾಣುವಷ್ಟು ಹತ್ತಿರದವು. ನಮ್ಮಲ್ಲಿ ಯಾರಿಗೂ ಅಲ್ಲಿ ರೋಗಿ ಇರುವುದು ತಿಳಿದಿರಲಿಲ್ಲ. ಭಜನಾ ಮಂದಿರದವರನ್ನು ಈ ವಾರ ಭೇಟಿಯಾಗುತ್ತೇವೆ, ಮಸೀದಿಯ ಸಮಿತಿಗೆ ನಮ್ಮ ಸಭೆಯ ಹಿರಿಯರೊಬ್ಬರು ಹಳೆಯ ಸ್ನೇಹದಿಂದ ಮಾತಾಡಿದ್ದಾರೆ.

ಎರಡು ವಿಷಯ ಬಾಕಿ ಇವೆ. ನಮ್ಮ ತಂಡದ ಒಬ್ಬ ಹುಡುಗಿ, ಪದವಿ ಓದುತ್ತಿರುವವಳು, ತಾನು ಹೋಗುತ್ತಿದ್ದ ಅಜ್ಜಿ ತೀರಿಕೊಂಡ ಮೇಲೆ ಬೇರೆ ಮನೆಗೆ ಹೋಗಲು ಹಿಂಜರಿಯುತ್ತಿದ್ದಾಳೆ. ಅವಳಿಗೆ ಏನು ಹೇಳಬೇಕು? ಹಾಗೆಯೇ ಏರ್ ಬೆಡ್, ಗಾಲಿಕುರ್ಚಿ ಕೊಂಡು ಮನೆಗಳಿಗೆ ಎರವಲು ಕೊಡಬೇಕೆಂದಿದ್ದೇವೆ, ಅದರ ಬಗ್ಗೆ ಸಿಸ್ಟರ್ ಸಲಹೆ ಬೇಕು.

ನಿವೃತ್ತ ಶುಶ್ರೂಷಕಿ, ಮಂಗಳೂರು

ಆ ಮಗುವನ್ನು ಒತ್ತಾಯ ಮಾಡಬೇಡಿ. ಅಜ್ಜಿಯ ಮನೆಯವರನ್ನು ನೋಡಲು ಒಮ್ಮೆ ಹೋಗಿಬರಲಿ, ಜೊತೆಗೆ ಹಿರಿಯರೊಬ್ಬರು ಇರಲಿ. ತೀರಿಕೊಂಡ ನಂತರದ ಭೇಟಿಯೂ ಆರೈಕೆಯ ಭಾಗವೇ, ಏಕೆಂದರೆ ವರ್ಷಗಟ್ಟಲೆ ಒಬ್ಬರನ್ನೇ ನೋಡಿಕೊಂಡ ಸೊಸೆಗೋ ಹೆಂಡತಿಗೋ ಆಮೇಲೆ ದಿನವನ್ನು ಹೇಗೆ ಕಳೆಯಬೇಕೆಂದೇ ತೋಚುವುದಿಲ್ಲ. ಕೆಲವು ಕಾಲ ಅವಳಿಗೆ ನಾಡಕಚೇರಿಯ ಓಡಾಟ, ಲೆಕ್ಕದ ಪುಸ್ತಕ ಇಂಥ ಕೆಲಸ ಕೊಡಿ. ತಿಂಗಳಿಗೊಮ್ಮೆ ತಂಡದವರೆಲ್ಲ ಕೂತು ತಮಗೆ ಕಷ್ಟವಾದದ್ದನ್ನು ಮಾತಾಡಿಕೊಳ್ಳುವ ಕೂಟ ಇರಲಿ. ಕೇರಳದಲ್ಲಿ 1993ರಲ್ಲಿ ಕೋಯಿಕ್ಕೋಡಿನಲ್ಲಿ ಆರಂಭವಾದ ನೋವು ಶಮನದ ಕೆಲಸ, ಮುಂದೆ ಮಲಪ್ಪುರಂ ಕಡೆ ನೆರೆಹೊರೆಯವರೇ ನಡೆಸುವ ಜಾಲವಾಗಿ ಬೆಳೆದು, 2008ರಲ್ಲಿ ಸರ್ಕಾರದ ನೀತಿಯೂ ಆಗಿ ಪಂಚಾಯಿತಿಗಳವರೆಗೆ ಹರಡಿತು. ಅದು ಉಳಿದು ಬೆಳೆಯಲು, ಸಾಮಾನ್ಯ ಜನರಿಗೆ ಕೊಟ್ಟ ತರಬೇತಿಯೂ ಅವರನ್ನು ಒಂಟಿಯಾಗಿ ಬಿಡದಿದ್ದುದೂ ಮುಖ್ಯ ಕಾರಣಗಳೆಂದು ನಾನು ತಿಳಿದಿದ್ದೇನೆ. ನಿಮಗೆ ಕಾಸರಗೋಡು ದೂರವಲ್ಲ. ತಂಡದ ಕೆಲವರು ಹೋಗಿ ಅಲ್ಲಿಯ ಪಂಚಾಯಿತಿಯೊಂದರಲ್ಲಿ ಕೆಲಸ ನಡೆಯುವ ರೀತಿಯನ್ನು ನೋಡಿ ಬರಬಹುದು.

ಏರ್ ಬೆಡ್ ಕೊಳ್ಳುವುದಾದರೆ, ಗಾಳಿ ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ತಾನಾಗಿ ಬದಲಾಗುವ ಪಂಪ್ ಇರುವುದನ್ನೇ ಕೊಳ್ಳಿ. ಏರ್ ಬೆಡ್ ಹಾಸಿದ್ದೇವೆಂದು ಮಗ್ಗುಲು ಬದಲಿಸುವುದನ್ನು ನಿಲ್ಲಿಸಬಾರದೆಂದು ಮನೆಯವರಿಗೆ ಹೇಳಿಯೇ ಕೊಡಬೇಕು. ಅದರ ಮೇಲೆ ದಪ್ಪ ಹಾಸಿಗೆ ಹಾಕಿದರೆ ಪ್ರಯೋಜನವಿಲ್ಲ, ಒಂದು ತೆಳು ಹತ್ತಿಯ ಬಟ್ಟೆ ಸಾಕು. ನಮ್ಮ ಕರಾವಳಿಯಲ್ಲಿ ಜೂನ್ ಬಂತೆಂದರೆ ಕರೆಂಟು ಹೋಗುವುದು ದಿನದ ಮಾತು. ಪಂಪ್ ನಿಂತರೆ ಬೆಡ್ಡಿನ ಗಾಳಿ ಇಳಿದು ರೋಗಿ ಗಟ್ಟಿ ಹಲಗೆಯ ಮೇಲೆ ಮಲಗಿದಂತಾಗುತ್ತದೆ. ಆದ್ದರಿಂದ ಅಡಿಯಲ್ಲಿ ಸ್ಪಂಜಿನ ಹಾಸಿಗೆ ಇರಲೇಬೇಕು, ಕರೆಂಟು ಹೋದಾಗ ನಳಿಗೆಯ ಬಾಯನ್ನು ಮುಚ್ಚುವುದು ಹೇಗೆಂದು ಮನೆಯಲ್ಲಿ ಒಬ್ಬರಿಗಾದರೂ ಕಲಿಸಿರಬೇಕು. ಸಾಮಾನು ವಾಪಸು ಬಂದಾಗ ಸಾಬೂನು ನೀರಿನಿಂದ ಒರೆಸಿ, ಬ್ಲೀಚಿಂಗ್ ದ್ರಾವಣದಿಂದ ಮತ್ತೊಮ್ಮೆ ಒರೆಸಿ, ಪೂರ್ತಿ ಒಣಗಿದ ಮೇಲೆಯೇ ಮಡಚಿಡಿ; ಒದ್ದೆ ಇದ್ದರೆ ಮಳೆಗಾಲದಲ್ಲಿ ಬೂಸಲು ಹಿಡಿಯುತ್ತದೆ. ಯಾವ ಸಾಮಾನು ಯಾವ ಮನೆಯಲ್ಲಿದೆ, ಕೊಟ್ಟ ದಿನ ಯಾವುದು ಎಂದು ಒಂದು ಪುಸ್ತಕದಲ್ಲಿ ಬರೆದಿಡಿ, ಠೇವಣಿ ಹಣ ಕೇಳಬೇಡಿ. ಮೇ ತಿಂಗಳ ಕೊನೆಯೊಳಗೆ ಎಲ್ಲ ಪಂಪುಗಳನ್ನೂ ಒಮ್ಮೆ ಓಡಿಸಿ ನೋಡಿ, ಹಾಳಾದವನ್ನು ರಿಪೇರಿಗೆ ಕೊಡಿ. ತರಬೇತಿಗೆ ನಾನು ಬರುತ್ತೇನೆ, ಯಾವ ಶನಿವಾರ ಅನುಕೂಲವೆಂದು ತಿಳಿಸಿ.